ಮನೆ ಕಂಪ್ಯೂಟರಿಗೆ ಬೇರೆ ಆಂಟಿವೈರಸ್ ಬೇಕಾ, ಕ್ಲೀನರ್ ಬೇಕಾ? ನೋಡುವುದು, ತೆಗೆಯುವುದು, ಸರಿಪಡಿಸುವುದು ಹೇಗೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪ ಕಾಫಿ ಲೋಟ ಕೆಳಗಿಡಲೂ ಬಿಡದೆ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ನೋಡೋ ಮಾರಾಯ, ಆನ್ ಮಾಡಿ ಸ್ನಾನ ಮುಗಿಸಿ ಬಂದ್ರೂ ಇನ್ನೂ ಸುತ್ತತಾ ಇರತ್ತೆ."

ತೆಗೆದು ನೋಡಿದರೆ ಒಳಗೊಂದು ಜಾತ್ರೆ. ಎರಡು ಆಂಟಿವೈರಸ್, ಅದರಲ್ಲಿ ಒಂದರ ಅವಧಿ ಮುಗಿದು ವರ್ಷವಾಗಿದೆ. ಒಂದು ಪಿಸಿ ಕ್ಲೀನರ್, ಒಂದು ಡ್ರೈವರ್ ಅಪ್‌ಡೇಟರ್, ಒಂದು ರ್‍ಯಾಮ್ ಬೂಸ್ಟರ್. ಕ್ಲೀನರ್ ಕೆಂಪು ಅಕ್ಷರದಲ್ಲಿ ಸಾವಿರಕ್ಕೂ ಹೆಚ್ಚು ದೋಷ ಪತ್ತೆಯಾಗಿದೆ, ಸರಿಪಡಿಸಲು ಹಣ ಕಟ್ಟಿ ಎನ್ನುತ್ತಿತ್ತು. ಎರಡು ಗಂಟೆ ಕೂತು ಐದನ್ನೂ ಕಿತ್ತುಹಾಕಿದೆ. ಅವುಗಳ ಜಾಗಕ್ಕೆ ಹೊಸದೇನನ್ನೂ ಹಾಕಲಿಲ್ಲ. ಲ್ಯಾಪ್‌ಟಾಪ್ ಚುರುಕಾಯಿತು, ಆದರೆ ಚಿಕ್ಕಪ್ಪನಿಗೆ ಸಮಾಧಾನವಿಲ್ಲ. "ಏನೂ ಹಾಕ್ದೇ ಬಿಟ್ರೆ ಹೆಂಗೋ? ಬಾಗಿಲು ತೆರೆದಿಟ್ಟು ಮಲಗಿದ ಹಾಗಲ್ವಾ?"

ಅವರಿಗೆ ಅಂದು ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನನ್ನ ಉತ್ತರ ಇಷ್ಟು: ವಿಂಡೋಸ್ 10 ಅಥವಾ 11 ಇರುವ ಮನೆ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ತರಬೇಕಾಗಿಲ್ಲ. ಜೊತೆಗೇ ಬರುವ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಡಿಫೆಂಡರ್ ಸಾಕು, ಅದನ್ನು ಯಾರೂ ಕೆಡಿಸಿಲ್ಲ ಎಂದಾದರೆ. ಕ್ಲೀನರ್‌ಗಳಂತೂ ಪುಕ್ಕಟೆ ಕೊಟ್ಟರೂ ಬೇಡ.

ಈ ಅಭ್ಯಾಸ ಬಂದದ್ದೆಲ್ಲಿಂದ

ಬೇರೆ ಆಂಟಿವೈರಸ್ ಬೇಕೇ ಬೇಕು ಎಂದು ಅಂಗಡಿಯವರು ಹೇಳುತ್ತಿದ್ದದ್ದು ಒಂದು ಕಾಲಕ್ಕೆ ನಿಜವೇ. ವಿಂಡೋಸ್ ಎಕ್ಸ್‌ಪಿಗೆ ಸ್ವಂತ ಆಂಟಿವೈರಸ್ ಇರಲಿಲ್ಲ. 2009ರಲ್ಲಿ ಮೈಕ್ರೋಸಾಫ್ಟ್ 'ಸೆಕ್ಯುರಿಟಿ ಎಸೆನ್ಷಿಯಲ್ಸ್' ಎಂಬುದನ್ನು ಉಚಿತವಾಗಿ ಕೊಟ್ಟಿತು, ಅದನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. 2012ರ ವಿಂಡೋಸ್ 8ರಲ್ಲಿ ಮೊದಲ ಬಾರಿಗೆ ಡಿಫೆಂಡರ್ ಪೂರ್ಣ ಆಂಟಿವೈರಸ್ ಆಗಿ ಒಳಗೇ ಕೂತು ಬಂತು. ಮೊದಮೊದಲು ಅದು ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದೂ ಹೌದು. ಈಚಿನ ವರ್ಷಗಳಲ್ಲಿ ಜರ್ಮನಿಯ ಎವಿ-ಟೆಸ್ಟ್‌ನಂಥ ಸ್ವತಂತ್ರ ಪ್ರಯೋಗಾಲಯಗಳಲ್ಲಿ ಅದು ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತದೆ. ಮಾತು ಮಾತ್ರ ಎಕ್ಸ್‌ಪಿ ಕಾಲದಲ್ಲೇ ನಿಂತುಬಿಟ್ಟಿದೆ.

ಡಿಫೆಂಡರ್‌ಗೆ ಕೊರತೆ ಇಲ್ಲವೆಂದಲ್ಲ. ಅದರ ಅರ್ಧ ಬುದ್ಧಿ ಮೈಕ್ರೋಸಾಫ್ಟ್‌ನ ದೂರದ ಸರ್ವರುಗಳಲ್ಲಿ, ಅಂದರೆ ಕ್ಲೌಡ್‌ನಲ್ಲಿದೆ, ಇಂಟರ್‌ನೆಟ್ ಇಲ್ಲದಾಗ ಸ್ವಲ್ಪ ಮಂಕು. ದೊಡ್ಡ ಫೈಲುಗಳ ರಾಶಿಯನ್ನು ನಕಲು ಮಾಡುವಾಗ ಹಳೆ ಯಂತ್ರಗಳನ್ನು ತುಸು ನಿಧಾನ ಮಾಡುತ್ತದೆ. ಇವೆರಡನ್ನು ನಾನು ಒಪ್ಪಿಕೊಂಡು ಬದುಕುತ್ತಿದ್ದೇನೆ.

ಹಂತ 1: ಈಗ ಕಾವಲಿಗೆ ಯಾರಿದ್ದಾರೆ ನೋಡಿ

ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಎಂದು ಟೈಪ್ ಮಾಡಿ ತೆರೆಯಿರಿ. ಎಡಗಡೆ ಕೆಳಗಿನ 'ಸೆಟ್ಟಿಂಗ್ಸ್' ಒತ್ತಿ 'ಮ್ಯಾನೇಜ್ ಪ್ರೊವೈಡರ್ಸ್'ಗೆ ಹೋಗಿ. ಆಂಟಿವೈರಸ್ ಎಂಬ ತಲೆಬರಹದ ಕೆಳಗೆ ಯಾರ್‍ಯಾರ ಹೆಸರಿದೆ, ಯಾವುದು ಆನ್, ಯಾವುದು ಆಫ್ ಎಂದು ಬರೆದಿರುತ್ತದೆ.

ಬೇರೆ ಆಂಟಿವೈರಸ್ ಬಂದು ಕೂತರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಹೊಸ ಲ್ಯಾಪ್‌ಟಾಪ್‌ನ ಜೊತೆ ಬಂದ ಮೂರು ತಿಂಗಳ ಇಲ್ಲವೇ ಒಂದು ವರ್ಷದ ಟ್ರಯಲ್ ಮುಗಿದಾಗ ವಿಚಿತ್ರ ಪರಿಸ್ಥಿತಿ ಹುಟ್ಟುತ್ತದೆ. ಹಳೇ ಕಾವಲುಗಾರ ಸಂಬಳ ಬಂದಿಲ್ಲವೆಂದು ಕೆಲಸ ನಿಲ್ಲಿಸಿದ್ದಾನೆ, ಗೇಟಿನಿಂದ ಮಾತ್ರ ಏಳುವುದಿಲ್ಲ. ಅವಧಿ ಮುಗಿದರೆ ಡಿಫೆಂಡರ್ ಮತ್ತೆ ತಾನೇ ಎದ್ದು ನಿಲ್ಲಬೇಕು. ಹೆಚ್ಚಿನ ಸಲ ನಿಲ್ಲುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ, ಕಣ್ಣಾರೆ ನೋಡಿ.

ಹಂತ 2: ಹಳೆಯದನ್ನು ಬೇರುಸಹಿತ ಕೀಳಿ

ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್', ಅದರೊಳಗೆ 'ಇನ್‌ಸ್ಟಾಲ್ಡ್ ಆ್ಯಪ್ಸ್' (ವಿಂಡೋಸ್ 10ರಲ್ಲಿ 'ಆ್ಯಪ್ಸ್ ಆಂಡ್ ಫೀಚರ್ಸ್'). ಆಂಟಿವೈರಸ್, ಅದರದೇ ಕಂಪನಿಯ 'ಸೇಫ್ ಬ್ರೌಸರ್', 'ವೆಬ್ ಅಡ್ವೈಸರ್', ಟೂಲ್‌ಬಾರ್ ಎಲ್ಲವನ್ನೂ ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ಹೋಗುವಾಗ ಅದು ಅಂಗಲಾಚುತ್ತದೆ. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಅರ್ಧ ಬೆಲೆಗೆ ಕೊಡುತ್ತೇವೆ' ಎನ್ನುತ್ತದೆ. 'ಇರಲಿ ಬಿಡಿ' ಎಂಬ ಬಟನ್ನು ದೊಡ್ಡದಾಗಿಯೂ 'ತೆಗೆಯಿರಿ' ಎಂಬುದು ಸಣ್ಣದಾಗಿಯೂ ಇರುತ್ತದೆ. ಓದಿ ಒತ್ತಿ.

ಆಮೇಲೆ ರೀಸ್ಟಾರ್ಟ್. ಒಂದನ್ನು ತೆಗೆದು, ರೀಸ್ಟಾರ್ಟ್ ಮಾಡಿ, ನಂತರ ಇನ್ನೊಂದನ್ನು ತೆಗೆಯಿರಿ. ಆತುರಪಟ್ಟರೆ ಎರಡೂ ಅರ್ಧಂಬರ್ಧ ಉಳಿಯುತ್ತವೆ. ಹಾಗೆ ಉಳಿದುಕೊಂಡರೆ ಆಯಾ ಕಂಪನಿಯೇ ಅದಕ್ಕೆಂದು ಪ್ರತ್ಯೇಕ ತೆಗೆಯುವ ಸಾಧನ ಕೊಡುತ್ತದೆ: ನಾರ್ಟನ್, ಮ್ಯಾಕಫಿ, ಅವಾಸ್ಟ್ ಎಲ್ಲಕ್ಕೂ ಇದೆ. ಆ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಬೇಡ.

ತೆಗೆದ ಮೇಲೆ ಹಂತ 1ಕ್ಕೆ ವಾಪಸ್ ಬಂದು ಡಿಫೆಂಡರ್ ಆನ್ ಆಗಿದೆಯೇ ಎಂದು ನೋಡಿ.

ಹಂತ 3: ಡಿಫೆಂಡರ್‌ನ ಕಣ್ಣಿಗೆ ಯಾರೋ ಬಟ್ಟೆ ಕಟ್ಟಿದ್ದಾರಾ?

ಇದೇ ಮುಖ್ಯ ಹಂತ. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ನಮ್ಮಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವುದೆಂದರೆ ಎಷ್ಟೋ ಕಡೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ಕ್ರ್ಯಾಕ್ ಮಾಡಿದ್ದು, ಅಂದರೆ ದುಡ್ಡು ಕೊಡದೆ ಬೀಗ ಮುರಿದು ಹಾಕಿದ್ದು. ಲೈಸೆನ್ಸ್ ಇಲ್ಲದ ವಿಂಡೋಸನ್ನು ನಂಬಿಸಲು ಬಳಸುವ ಆ್ಯಕ್ಟಿವೇಟರ್‌ಗಳನ್ನು ಡಿಫೆಂಡರ್ ಹಿಡಿದುಹಾಕುತ್ತದೆ. ಆಗ ಅಂಗಡಿಯ ಹುಡುಗ ಏನು ಮಾಡುತ್ತಾನೆ? ಡಿಫೆಂಡರನ್ನು ಆಫ್ ಮಾಡುತ್ತಾನೆ, ಇಲ್ಲವೇ 'ಈ ಫೋಲ್ಡರ್ ಕಡೆ ನೋಡಬೇಡ' ಎಂದು ಅದಕ್ಕೆ ಹೇಳಿಡುತ್ತಾನೆ. ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ನೋಡಬೇಡ ಎಂದಿರುತ್ತಾರೆ! ಆಮೇಲೆ ಒಂದು ಆಂಟಿವೈರಸ್ ಡಬ್ಬಿಯನ್ನೂ ಮಾರುತ್ತಾರೆ. ಇದ್ದ ಬೀಗ ಒಡೆದು ಹೊಸ ಬೀಗ ಮಾರಿದ ಹಾಗಾಯಿತು.

ನೋಡುವುದು ಹೀಗೆ. ವಿಂಡೋಸ್ ಸೆಕ್ಯುರಿಟಿಯಲ್ಲಿ 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್'. ಅಲ್ಲಿ 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್' ಎಂಬುದರ ಕೆಳಗಿನ 'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ. ಪುಟದ ಕೊನೆಯವರೆಗೆ ಇಳಿದರೆ 'ಎಕ್ಸ್‌ಕ್ಲೂಷನ್ಸ್' ಇದೆ, ಅದರಡಿ 'ಆ್ಯಡ್ ಆರ್ ರಿಮೂವ್ ಎಕ್ಸ್‌ಕ್ಲೂಷನ್ಸ್'. ಸಾಧಾರಣ ಮನೆ ಕಂಪ್ಯೂಟರಿನಲ್ಲಿ ಆ ಪಟ್ಟಿ ಖಾಲಿ ಇರಬೇಕು. ನೀವು ಹಾಕದ ಏನಿದ್ದರೂ ತೆಗೆಯಿರಿ. ತೆಗೆದ ಕೂಡಲೇ ಡಿಫೆಂಡರ್ 'ಇಲ್ಲೊಂದು ಸಿಕ್ಕಿತು' ಎಂದು ಕೂಗಬಹುದು. ಕ್ರ್ಯಾಕ್ ಹೋಗಿ ವಿಂಡೋಸ್ 'ಆ್ಯಕ್ಟಿವೇಟ್ ಮಾಡಿ' ಎನ್ನಬಹುದು. ಲೈಸೆನ್ಸಿಗೆ ದುಡ್ಡು ಕೊಡಿ, ಅಥವಾ ಪರದೆಯ ಮೂಲೆಯಲ್ಲಿ ಕಾಣುವ ಆ ಬರಹವನ್ನು ಸಹಿಸಿಕೊಳ್ಳಿ. ಕ್ರ್ಯಾಕ್ ಇಟ್ಟುಕೊಂಡು ಆಂಟಿವೈರಸ್ ಬಗ್ಗೆ ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಅದೇ ಪುಟದಲ್ಲಿ 'ರಿಯಲ್-ಟೈಮ್ ಪ್ರೊಟೆಕ್ಷನ್', 'ಕ್ಲೌಡ್-ಡೆಲಿವರ್ಡ್ ಪ್ರೊಟೆಕ್ಷನ್', 'ಟ್ಯಾಂಪರ್ ಪ್ರೊಟೆಕ್ಷನ್' ಮೂರೂ ಆನ್ ಇರಲಿ. ಕೊನೆಯದು ಬೇರೆ ಪ್ರೋಗ್ರಾಮುಗಳು ಡಿಫೆಂಡರನ್ನು ಕದ್ದುಮುಚ್ಚಿ ಆಫ್ ಮಾಡದಂತೆ ತಡೆಯುತ್ತದೆ.

ಇನ್ನೊಂದು ಸ್ವಿಚ್ಚು ಬೇರೆ ಕಡೆ ಅಡಗಿದೆ: 'ಆ್ಯಪ್ ಆಂಡ್ ಬ್ರೌಸರ್ ಕಂಟ್ರೋಲ್' ಒಳಗೆ 'ರೆಪ್ಯುಟೇಶನ್-ಬೇಸ್ಡ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್', ಅಲ್ಲಿ 'ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್'. ಇದು ಪೂರ್ತಿ ವೈರಸ್ ಅಲ್ಲದ, ಆದರೆ ಯಾರೂ ಕೇಳದೆ ಬಂದು ಕೂರುವ ಟೂಲ್‌ಬಾರ್, ಬೂಸ್ಟರ್ ಜಾತಿಯನ್ನು ತಡೆಯುತ್ತದೆ. ಕೆಳಗಿನ ಎರಡೂ ಚೌಕಕ್ಕೆ ಟಿಕ್ ಹಾಕಿ.

'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಎಂಬ ರ್‍ಯಾನ್ಸಮ್‌ವೇರ್ ತಡೆಯೂ ಇದೆ (ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ವೈರಸ್ಸಿಗೆ ರ್‍ಯಾನ್ಸಮ್‌ವೇರ್ ಎನ್ನುತ್ತಾರೆ). ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಗೊತ್ತಿಲ್ಲದ ಪ್ರೋಗ್ರಾಮುಗಳು ಮುಟ್ಟದಂತೆ ಕಾಯುತ್ತದೆ. ಕೆಲವೊಮ್ಮೆ ಒಳ್ಳೆಯ ಪ್ರೋಗ್ರಾಮನ್ನೂ ತಡೆದು ತಲೆ ತಿನ್ನುತ್ತದೆ. ನಾನು ನನ್ನ ಯಂತ್ರದಲ್ಲಿ ಆನ್ ಇಟ್ಟಿದ್ದೇನೆ, ಚಿಕ್ಕಪ್ಪನದರಲ್ಲಿ ಇಟ್ಟಿಲ್ಲ. ದಿನಕ್ಕೆ ಮೂರು ಫೋನು ಯಾರು ತಡೆದುಕೊಳ್ಳುತ್ತಾರೆ?

ಹಂತ 4: ಒಮ್ಮೆ ಪೂರ್ತಿ ಜಾಲಾಡಿ

'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್'ನಲ್ಲಿ 'ಸ್ಕ್ಯಾನ್ ಆಪ್ಷನ್ಸ್' ಒತ್ತಿ. ಮೊದಲು 'ಫುಲ್ ಸ್ಕ್ಯಾನ್' ಹಾಕಿ ಊಟಕ್ಕೆ ಹೋಗಿ, ಗಂಟೆಗಟ್ಟಲೆ ಹಿಡಿಯಬಹುದು. ಅದು ಮುಗಿದ ಮೇಲೆ 'ಆಫ್‌ಲೈನ್ ಸ್ಕ್ಯಾನ್'. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ವಿಂಡೋಸ್ ಜೊತೆಗೇ ಎದ್ದು ಅವಿತುಕೊಳ್ಳುವ ವೈರಸ್‌ಗಳು ಆಗ ಇನ್ನೂ ನಿದ್ದೆಯಲ್ಲಿರುತ್ತವೆ. ಸುಮಾರು ಹದಿನೈದು ನಿಮಿಷದ ಕೆಲಸ, ತೆರೆದಿರುವ ಫೈಲುಗಳನ್ನು ಮೊದಲು ಸೇವ್ ಮಾಡಿ.

ಆಮೇಲೂ ಅನುಮಾನ ಹೋಗದಿದ್ದರೆ ಇನ್ನೊಬ್ಬ ಡಾಕ್ಟರರನ್ನು ಕೇಳುವುದು ತಪ್ಪಲ್ಲ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಕರೆದಾಗ ಮಾತ್ರ ಬಂದು ನೋಡಿಹೋಗುತ್ತದೆ. ಕೆಲಸವಾದ ಮೇಲೆ ತೆಗೆದುಬಿಡಿ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ನಮ್ಮ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಬಾಟ್ (ಕಂಪ್ಯೂಟರನ್ನು ದೂರದ ಕಳ್ಳರ ಕೈಗೊಪ್ಪಿಸುವ ವೈರಸ್) ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ.

ಹಂತ 5: ಆ ಹೆದರಿಕೆಯ ಸಂದೇಶ ವೈರಸ್ಸಿನದಲ್ಲ, ಬ್ರೌಸರ್‌ನದು

ನನ್ನ ಬಳಿ 'ವೈರಸ್ ಬಂದಿದೆ' ಎಂದು ತಂದ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ವೈರಸ್ಸೇ ಇರಲಿಲ್ಲ. ಪರದೆಯ ಬಲಮೂಲೆಯಲ್ಲಿ 'ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ', 'ಐದು ವೈರಸ್ ಸಿಕ್ಕಿವೆ' ಎಂದು ಕಂಪನಿಯ ಲೋಗೋ ಸಮೇತ ಬರುತ್ತಿರುತ್ತದೆ. ಯಾವುದೋ ತಾಣ 'ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ' ಎಂದಾಗ ಒತ್ತಿದ ಫಲ ಅದು. ಆ ತಾಣಕ್ಕೆ ನೋಟಿಫಿಕೇಶನ್ ಕಳಿಸುವ ಅನುಮತಿ ಸಿಕ್ಕಿಬಿಟ್ಟಿದೆ, ಅಷ್ಟೇ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, 'ಪ್ರೈವೆಸಿ ಆಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಶನ್ಸ್'. 'ಅಲೋಡ್' ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಎಲ್ಲವನ್ನೂ ತೆಗೆದರೂ ನಷ್ಟವಿಲ್ಲ. ಎಡ್ಜ್, ಫೈರ್‌ಫಾಕ್ಸ್‌ಗಳಲ್ಲೂ ಇದೇ ರೀತಿಯ ಪಟ್ಟಿ ಇದೆ. ಹಾಗೆಯೇ 'ಎಕ್ಸ್‌ಟೆನ್ಷನ್ಸ್' ಪಟ್ಟಿಯನ್ನೂ ಒಮ್ಮೆ ಕಳೆ ಕೀಳಿ. ಯುಬ್ಲಾಕ್ ಒರಿಜಿನ್‌ನಂಥ ಜಾಹೀರಾತು ತಡೆ (ಕ್ರೋಮ್‌ನಲ್ಲಿ ಅದರ 'ಲೈಟ್' ರೂಪ) ಹಾಕಿದರೆ ಹಸಿರು ಬಣ್ಣದ ಸುಳ್ಳು ಡೌನ್‌ಲೋಡ್ ಬಟನ್ನುಗಳೇ ಕಾಣುವುದಿಲ್ಲ. ದುಡ್ಡಿನ ಆಂಟಿವೈರಸ್ಸಿಗಿಂತ ಇದು ಹೆಚ್ಚು ಕೆಲಸಕ್ಕೆ ಬಂದದ್ದನ್ನು ಕಂಡಿದ್ದೇನೆ.

ಇಡೀ ಪರದೆ ತುಂಬಿ, ಜೋರಾಗಿ ಬೀಪ್ ಹೊಡೆಯುತ್ತ 'ಈ ನಂಬರಿಗೆ ಕರೆ ಮಾಡಿ' ಎಂದರೆ ಕರೆ ಮಾಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ. ಆಗಲೇ ಕರೆ ಮಾಡಿ ದುಡ್ಡು ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕ್ಲೀನರ್ ಯಾಕೆ ಬೇಡ

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಸಹಿಸಿಕೊಳ್ಳಿ.

ಸಿಕ್ಲೀನರ್ ಎಂಬುದು ಒಂದು ಕಾಲಕ್ಕೆ ನಾವೆಲ್ಲ ಕಣ್ಣುಮುಚ್ಚಿ ಹಾಕುತ್ತಿದ್ದ ಸಾಧನ. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಅದರ ಅಧಿಕೃತ ತಾಣದಿಂದಲೇ ವಿಷ ಬೆರೆತ ಆವೃತ್ತಿ ಹಂಚಿಕೆಯಾಯಿತು. ಕಂಪನಿಯದೇ ಡಿಜಿಟಲ್ ಸಹಿ ಅದರ ಮೇಲಿತ್ತು. ಆ ಸಾಧನ ತಯಾರಾಗುವ ಜಾಗಕ್ಕೇ ಕಳ್ಳರು ನುಗ್ಗಿದ್ದರು. ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಅದು ಹೋಯಿತು. ಗುಡಿಸಲು ಕರೆದವನೇ ಕಸ ತಂದು ಸುರಿದ.

ಅಮೆರಿಕದ ಆಫೀಸ್ ಡಿಪೋ ಮಳಿಗೆಗಳದ್ದು ಇನ್ನೂ ಸ್ವಾರಸ್ಯ. ಅಲ್ಲಿ ಗಿರಾಕಿಯ ಕಂಪ್ಯೂಟರಿಗೆ 'ಪಿಸಿ ಹೆಲ್ತ್ ಚೆಕ್' ಮಾಡುತ್ತಿದ್ದರು. ಶುರುವಿನಲ್ಲಿ ನಾಲ್ಕು ಪ್ರಶ್ನೆ: ನಿಧಾನವಾಗಿದೆಯೇ, ಪಾಪ್-ಅಪ್ ಬರುತ್ತವೆಯೇ, ಹೀಗೆ. ಯಾವುದಕ್ಕಾದರೂ ಹೌದೆಂದು ಟಿಕ್ ಬಿದ್ದರೆ ಸಾಕು, ಸ್ಕ್ಯಾನಿನಲ್ಲಿ ಏನೇ ಸಿಗಲಿ ಬಿಡಲಿ, ಕೊನೆಗೆ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಲಕ್ಷಣ ಪತ್ತೆ ಎಂದು ಬರುತ್ತಿತ್ತು. 2019ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಆಫೀಸ್ ಡಿಪೋ ಮತ್ತು ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ ಸೇರಿ 3.5 ಕೋಟಿ ಡಾಲರ್ ಕಟ್ಟಲು ಒಪ್ಪಿದವು. 'ಸಾವಿರ ದೋಷ' ತೋರಿಸುವ ಪ್ರೋಗ್ರಾಮುಗಳನ್ನು ನೋಡಿದಾಗಲೆಲ್ಲ ನನಗೆ ಆ ನಾಲ್ಕು ಪ್ರಶ್ನೆ ನೆನಪಾಗುತ್ತವೆ.

ಆ ಸಾವಿರ ದೋಷಗಳು ಏನು? ಹೆಚ್ಚಿನವು ಕುಕೀಗಳು, ತಾತ್ಕಾಲಿಕ ಫೈಲುಗಳು, ಮತ್ತು ರಿಜಿಸ್ಟ್ರಿಯಲ್ಲಿ ಉಳಿದ ಹಳೇ ನಮೂದುಗಳು. ರಿಜಿಸ್ಟ್ರಿ ಎಂದರೆ ವಿಂಡೋಸ್‌ನ ದೊಡ್ಡ ಜಮಾಬಂದಿ ಪುಸ್ತಕ. ಅದರಲ್ಲಿ ಕೆಲವು ನೂರು ಹಳೇ ಸಾಲುಗಳಿದ್ದರೆ ಓದುವ ವೇಗಕ್ಕೆ ಏನೂ ಆಗದು, ತಪ್ಪು ಸಾಲು ಅಳಿಸಿದರೆ ಮಾತ್ರ ಪ್ರೋಗ್ರಾಮುಗಳು ಮುರಿದುಬೀಳುತ್ತವೆ. ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ರ್‍ಯಾಮ್ ಬೂಸ್ಟರ್ ನೆನಪಿನಲ್ಲಿದ್ದದ್ದನ್ನು ಹೊರಗೆಸೆಯುತ್ತದೆ, ಮರುಕ್ಷಣ ವಿಂಡೋಸ್ ಅದನ್ನೇ ಡಿಸ್ಕಿನಿಂದ ಮತ್ತೆ ತರಬೇಕು. ಕಂಪ್ಯೂಟರಿನ ಭಾಗಗಳನ್ನು ನಡೆಸುವ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟೇ ತರುತ್ತದೆ.

ಕಸ ಗುಡಿಸಲು ವಿಂಡೋಸ್‌ದೇ ಪೊರಕೆ

ಸೆಟ್ಟಿಂಗ್ಸ್, 'ಸಿಸ್ಟಮ್', 'ಸ್ಟೋರೇಜ್', 'ಟೆಂಪರರಿ ಫೈಲ್ಸ್'. ಪಟ್ಟಿ ಬರುತ್ತದೆ, ಟಿಕ್ ಮಾಡಿ 'ರಿಮೂವ್ ಫೈಲ್ಸ್' ಒತ್ತಬೇಕು. ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬುದೂ ಇರುತ್ತದೆ. ನಮ್ಮವರ ಆಧಾರ್, ಪಹಣಿ, ಅಂಕಪಟ್ಟಿ ಎಲ್ಲ ಇಳಿಸಿಕೊಂಡು ಬಿಟ್ಟಿರುವುದು ಅಲ್ಲೇ. ಅದಕ್ಕೆ ಟಿಕ್ ಬೇಡ. ಅಲ್ಲೇ 'ಸ್ಟೋರೇಜ್ ಸೆನ್ಸ್' ಆನ್ ಮಾಡಿದರೆ ಮುಂದೆ ತಾನೇ ಗುಡಿಸಿಕೊಳ್ಳುತ್ತದೆ. ಅದರಲ್ಲೂ ಡೌನ್‌ಲೋಡ್ಸ್ ಬಗೆಗಿನ ಆಯ್ಕೆ 'ನೆವರ್' ಇರಲಿ.

ನಿಧಾನಕ್ಕೆ ಮದ್ದು ಬೇರೆಯೇ. ಟಾಸ್ಕ್ ಮ್ಯಾನೇಜರ್‌ನಲ್ಲಿ 'ಸ್ಟಾರ್ಟಪ್ ಆ್ಯಪ್ಸ್' ನೋಡಿ, ಕಂಪ್ಯೂಟರ್ ಜೊತೆಗೇ ಏಳಬೇಕಾಗಿಲ್ಲದ್ದನ್ನು 'ಡಿಸೇಬಲ್' ಮಾಡಿ. ಆಮೇಲೆ 'ಪರ್ಫಾರ್ಮೆನ್ಸ್' ಟ್ಯಾಬಿನಲ್ಲಿ ಡಿಸ್ಕ್ ಯಾವ ಜಾತಿಯದೆಂದು ನೋಡಿ. 'ಎಚ್‌ಡಿಡಿ' (ತಿರುಗುವ ತಟ್ಟೆಯ ಹಳೇ ಮಾದರಿ) ಎಂದು ಬರೆದಿದ್ದು, ಏನೂ ಮಾಡದಿದ್ದಾಗಲೂ ನೂರು ಪರ್ಸೆಂಟ್ ಓಡುತ್ತಿದ್ದರೆ ಯಾವ ಸಾಫ್ಟ್‌ವೇರೂ ಗತಿ ಕಾಣಿಸದು. ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಎಸ್‌ಎಸ್‌ಡಿ ಇದ್ದವರು ಚದುರಿದ ಫೈಲು ಜೋಡಿಸುವ ಡಿಫ್ರ್ಯಾಗ್ ಸಾಫ್ಟ್‌ವೇರ್ ಹುಡುಕಬೇಡಿ, ಅದಕ್ಕೆ ಬೇಕಾದ ಟ್ರಿಮ್ (ಅಳಿಸಿದ ಫೈಲುಗಳ ಜಾಗ ತೆರವು ಮಾಡುವ) ಕೆಲಸವನ್ನು ವಿಂಡೋಸ್ ವಾರಕ್ಕೊಮ್ಮೆ ಮಾಡಿಕೊಳ್ಳುತ್ತದೆ.

ಜೆರಾಕ್ಸ್ ಅಂಗಡಿಯ ಪೆನ್ ಡ್ರೈವ್

ಪ್ರಿಂಟ್ ತೆಗೆಸಲು ಕೊಟ್ಟ ಪೆನ್ ಡ್ರೈವ್ ವಾಪಸ್ ಬಂದಾಗ ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿರುತ್ತವೆ. ಗಾಬರಿ ಬೇಡ, ಆ ಶಾರ್ಟ್‌ಕಟ್ ಮೇಲೆ ಕ್ಲಿಕ್ಕೂ ಬೇಡ. ಅದನ್ನು ಒತ್ತಿದರೆ ಫೋಲ್ಡರ್ ತೆರೆಯುವುದರ ಜೊತೆ ವೈರಸ್ಸೂ ಓಡುತ್ತದೆ. ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಕೊಡಿ. ನಿಮ್ಮ ನಿಜವಾದ ಫೈಲುಗಳು ಅಲ್ಲೇ ಅಡಗಿಕೂತಿವೆ. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿ. ಆಗಲೂ ಕಾಣದಿದ್ದರೆ 'ಫೋಲ್ಡರ್ ಆಪ್ಷನ್ಸ್'ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಟಿಕ್ ತೆಗೆಯಿರಿ. ಬೇಕಾದದ್ದನ್ನು ನಕಲು ಮಾಡಿಕೊಂಡು ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಆ ಟಿಕ್ಕನ್ನು ಮತ್ತೆ ಹಾಕಿಬಿಡಿ.

'ವ್ಯೂ'ನಲ್ಲೇ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಕೂಡ ಆನ್ ಇರಲಿ. ಪಿಡಿಎಫ್ ಚಿತ್ರ ಹೊತ್ತು ಬಂದ ಫೈಲಿನ ಬಾಲದಲ್ಲಿ 'ಇಎಕ್ಸ್‌ಇ' ಇರುವುದು (ಎಂದರೆ ಅದು ಕಾಗದವಲ್ಲ, ಪ್ರೋಗ್ರಾಮು) ಆಗ ಕಾಣುತ್ತದೆ.

ಉಳಿಸಿದ ದುಡ್ಡು ಎಲ್ಲಿ ಹಾಕಬೇಕು

ಹೊರಗಿನ ಹಾರ್ಡ್ ಡಿಸ್ಕಿಗೆ. ವಾರಕ್ಕೋ ತಿಂಗಳಿಗೋ ಫೋಟೋ, ಕಾಗದಪತ್ರ, ಟ್ಯಾಲಿ ಡೇಟಾ ನಕಲು ಮಾಡಿ, ತಂತಿ ಕಿತ್ತು ಬೀರುವಿನಲ್ಲಿಡಿ. ಸದಾ ಚುಚ್ಚಿಟ್ಟರೆ ರ್‍ಯಾನ್ಸಮ್‌ವೇರ್ ಅದನ್ನೂ ಬೀಗ ಹಾಕುತ್ತದೆ.

ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ ರ್‍ಯಾನ್ಸಮ್‌ವೇರ್ ವನ್ನಾಕ್ರೈ ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ನ ವೈರಸ್ ಪಟ್ಟಿ ಅದಕ್ಕೆ 2028ರ ಅಕ್ಟೋಬರ್‌ವರೆಗೆ ಬರುತ್ತದೆ, ಆದರೆ ವಿಂಡೋಸ್‌ನ ಗೋಡೆಯ ಬಿರುಕನ್ನು ಆ ಪಟ್ಟಿ ಮುಚ್ಚುವುದಿಲ್ಲ. ಯಂತ್ರ ಒಪ್ಪಿದರೆ 11ಕ್ಕೆ ಏರಿಸಿ, ಒಪ್ಪದಿದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ, ಬೆಂಬಲ ಮುಗಿದ ಮೇಲೂ ತೇಪೆ ಕೊಡುವ 'ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್'ಗೆ ಸೇರುವ ಕೊಂಡಿ ಇದೆಯೇ ನೋಡಿ. ವಿಂಡೋಸ್ 7 ಇಟ್ಟುಕೊಂಡು ಹೊಸ ಆಂಟಿವೈರಸ್ ಕೊಳ್ಳುವುದು ಸೋರುವ ಮಾಡಿಗೆ ಸುಣ್ಣ ಬಳಿದಂತೆ.

ಹಾಗಾದರೆ ದುಡ್ಡಿನದು ಯಾರಿಗೂ ಬೇಡವೇ?

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಅದರ ನಿಯಮ ಬೇರೆ, ನೀವು ಮುಟ್ಟಬೇಡಿ. ಅಂಗಡಿ, ಆಡಿಟರ್ ಕಚೇರಿಗಳಲ್ಲಿ ಹತ್ತಾರು ಯಂತ್ರ ಒಂದೇ ಕಡೆಯಿಂದ ನೋಡಿಕೊಳ್ಳಬೇಕೆಂದರೆ ಕೊಳ್ಳುವುದಕ್ಕೆ ಅರ್ಥವಿದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. ಉಚಿತದ ಹೆಸರಲ್ಲಿ ಬರುವುದಕ್ಕಿಂತ ಬಿಲ್ ಇರುವುದೇ ಮೇಲು: ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ್ದು 2020ರಲ್ಲಿ ಬಯಲಾಗಿ, 2024ರಲ್ಲಿ ಅಮೆರಿಕದಲ್ಲಿ 1.65 ಕೋಟಿ ಡಾಲರ್ ತೆರಬೇಕಾಯಿತು. ಆಂಟಿವೈರಸ್ಸಿಗೆ ಮನೆಯ ಎಲ್ಲ ಕೋಣೆಯ ಕೀಲಿ ಕೊಟ್ಟಿರುತ್ತೇವೆ. ಅಮೆರಿಕದಲ್ಲಿ ರಷ್ಯಾದ ಆಂಟಿವೈರಸ್ ಕ್ಯಾಸ್ಪರ್‌ಸ್ಕಿ ನಿಷೇಧವಾದಾಗ, 2024ರ ಸೆಪ್ಟೆಂಬರ್‌ನಲ್ಲಿ ಅದು ಅಲ್ಲಿನವರ ಎಷ್ಟೋ ಕಂಪ್ಯೂಟರುಗಳಲ್ಲಿ ತನ್ನನ್ನು ತೆಗೆದುಕೊಂಡು 'ಅಲ್ಟ್ರಾಎವಿ' ಎಂಬ ಬೇರೆಯದನ್ನು ತಾನೇ ಕೂರಿಸಿತು. ಅಲ್ಲಿರುವ ನನ್ನ ಸ್ನೇಹಿತನೊಬ್ಬ ಬೆಳಿಗ್ಗೆ ಎದ್ದು ಇದೇ ವೈರಸ್ ಎಂದುಕೊಂಡಿದ್ದ.

ಮ್ಯಾಕ್ ಇರುವವರಿಗೆ: ಎಕ್ಸ್‌ಪ್ರೊಟೆಕ್ಟ್, ಗೇಟ್‌ಕೀಪರ್ ಎಂಬ ಆ್ಯಪಲ್‌ನದೇ ಕಾವಲುಗಳು ಒಳಗೇ ಇವೆ. ಕ್ಲೀನರ್ ಮಾತು ಅಲ್ಲಿಗೂ ಅನ್ವಯ.

ಕೊನೆಯ ಹಂತ: ಕಾವಲುಗಾರ ಎಚ್ಚರವಾಗಿದ್ದಾನಾ, ಕೆಣಕಿ ನೋಡಿ

ಇದನ್ನು ಚಿಕ್ಕಪ್ಪನ ಸಮಾಧಾನಕ್ಕೆಂದೇ ಮಾಡಿದ್ದು. ಆಂಟಿವೈರಸ್‌ಗಳನ್ನು ಪರೀಕ್ಷಿಸಲೆಂದೇ ಐಕಾರ್ ಎಂಬ ಯುರೋಪಿನ ಸಂಸ್ಥೆ ಕೊಡುವ ಒಂದು ಪುಟ್ಟ ಫೈಲ್ ಇದೆ. ಬರೀ 68 ಅಕ್ಷರ, ಯಾವ ಹಾನಿಯೂ ಇಲ್ಲ. ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಒಪ್ಪಂದ. ಐಕಾರ್‌ನ ತಾಣಕ್ಕೆ ಹೋಗಿ ಆ ಫೈಲ್ ಇಳಿಸಲು ನೋಡಿ.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಿದ್ದರು. ಒತ್ತಿದೆ. ಫೈಲ್ ಬಂದು ಕೂರುವ ಮೊದಲೇ ಮೂಲೆಯಲ್ಲಿ ಡಿಫೆಂಡರ್ ಸೂಚನೆ ಎದ್ದಿತು, ಫೈಲ್ ಮಾಯ. ಅವರು ಒಂದು ಗಳಿಗೆ ಸುಮ್ಮನಿದ್ದು, "ಇನ್ನೊಂದ್ಸಲ ಮಾಡು ನೋಡಾಣ" ಅಂದರು. ಮೂರು ಸಲ ಮಾಡಿಸಿದರು.